ಸೂಪರ್‌ಮ್ಯಾನನ ಪಗಾರ, ನಮ್ಮ ವೈನಿಯ ಚಟ್ನಿಪುಡಿ

ಸೂಟಿಗೆ ಹುಡುಗರು ಮನಿಗೆ ಬಂದ್ರಂದ್ರ ನಮ್ಮ ಟೀವಿಗೆ ಮಾತ್ರ ಸೂಟಿ ಇರೂದಿಲ್ಲ ನೋಡ್ರಿ. ಈ ಸಲ ನಮ್ಮ ಅಣ್ಣನ ಮಗ, ನನ್ನ ಮಗಳು, ಮ್ಯಾಲಿನ ಮನಿಯ ಎರಡು ಹುಡುಗರು ಕೂಡಿ ವಾರಪೂರ್ತಿ ಬರೇ ಹಾರೋ ಮಂದಿ, ಗ್ವಾಡಿ ಹತ್ತೋ ಮಂದಿ, ಕಬ್ಬಿಣದ ಅಂಗಿ ಹಾಕ್ಕೊಂಡ ಮಂದಿ ಸಿನಿಮಾನ ಹಚ್ಚಿದ್ರು. ನಾವು ಅಡಗಿಮನಿಯಿಂದ ಬರೇ ಧಡಾಂ ಧುಡೂಂ ಕೇಳಿಸ್ಕೊಂಡವರು. ಒಂದು ಮಧ್ಯಾಹ್ನ ಯಾಕೋ ಹಳೇದೊಂದು ಹಚ್ಚಿದ್ರು, 1978ರ ಸೂಪರ್‌ಮ್ಯಾನ್. ಗದ್ದಲ ಕಡಿಮಿ ಇತ್ತು. ವೈನಿ ಮೊರದಾಗ ಗುರೆಳ್ಳು ಹಾಕ್ಕೊಂಡು ಹಸನ ಮಾಡಕೋತ ಪಡಸಾಲಿಗೆ ಬಂದು ಕೂತ್ರು. ನಾನೂ ಕೂತೆ.

ಸಿನಿಮಾ ಶುರುವಾದಾಗ ಹೆಸರು ಹಾರಕೋತ ಬರತಾವಲ್ಲ, ಅದನ್ನ ವೈನಿ ಮಗನ ಕಡೆ ಓದಿಸಿದ್ರು. ಮೊದಲು ಮಾರ್ಲನ್ ಬ್ರಾಂಡೋ. ಆಮ್ಯಾಲೆ ಜೀನ್ ಹ್ಯಾಕ್‌ಮನ್. ಆಮ್ಯಾಲೆ ಸಿನಿಮಾದ ಹೆಸರು. ಅದೂ ಆದಮ್ಯಾಲೆ ಕ್ರಿಸ್ಟೋಫರ್ ರೀವ್. ಅರ್ಧಾ ಸಿನಿಮಾ ಮುಗಿಯೋದ್ರಾಗ ವೈನಿ ಮೊರಾ ಕೆಳಗಿಟ್ಟು ಕೇಳಿದ್ರು:

"ಅಲ್ಲಾ, ಹಾರಾಂವ ಈ ಹುಡುಗ. ಭೂಮಿ ಎತ್ತಿ ಹಿಡಿಯಾಂವ ಈ ಹುಡುಗ. ಹೆಸರು ಮಾತ್ರ ಆ ಬಿಳಿ ಕೂದಲಿನವಂದು ಯಾಕ ಮೊದಲು? ಅಂವ ಕೂಸಿನ್ನ ತೊಟ್ಟಿಲದಾಗ ಹಾಕಿ ಕಳಿಸಿ ಸತ್ತೇ ಹೋದನಲ್ಲ?"

"ಅಮ್ಮಾ, ಅಂವಾ ಭಾಳ ದೊಡ್ಡ ಆ್ಯಕ್ಟರ್" ಅಂದ ಅಕಿ ಮಗ.

"ಹಂಗಾರ ಈ ಹುಡುಗಗ ಎಷ್ಟು ಕೊಟ್ಟಿದ್ರು, ಅಂವಗ ಎಷ್ಟು ಕೊಟ್ಟಿದ್ರು?"

ಹುಡುಗರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆದ್ರ ವೈನಿ ಸುಮ್ಮನ ಕೇಳಲಿಲ್ಲ ಅನ್ನೂದು ಮಾತ್ರ ನನಗೊಬ್ಬಾಕಿಗೆ ಗೊತ್ತಿತ್ತು.

ನಿಮಗೆಲ್ಲಾ ನಮ್ಮ ವೈನಿ ಕೈ ಗುಣ ಹೇಳೂದು ಬ್ಯಾಡ. ಗುರೆಳ್ಳ ಚಟ್ನಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮೆಂತೆ ಹಿಟ್ಟು, ಮಸಾಲಿ ಖಾರ, 11 ವರ್ಷಾತು ಮನ್ಯಾಗ ಮಾಡಿ ಕೊಡಲಿಕ್ಕೆ ಹತ್ತಿ. ಇದನ್ನ ಓದೋರೊಳಗ ಅರ್ಧಾ ಮಂದಿ ಮನಿ ಡಬ್ಬಿಯೊಳಗ ಅವರದ ಪುಡಿ ಅದ. ಹೋದ ತಿಂಗಳ ಪ್ಯಾಟಿಯೊಳಗಿನ ಒಬ್ಬ ವ್ಯಾಪಾರಸ್ಥರು ಮನಿಗೆ ಬಂದಿದ್ರು. ಒಮ್ಮಿಗೇ 25 ಸಾವಿರ ರೂಪಾಯಿ ಕೊಡತೀವಿ, ನಿಮ್ಮ ಅಳತಿ ಎಲ್ಲಾ ಬರಕೊಡ್ರಿ, ನಾಲ್ಕು ದಿನ ಬಂದು ನಮ್ಮ ಹೆಣ್ಣಮಕ್ಕಳಿಗೆ ಕಲಿಸ್ರಿ, ಆಮ್ಯಾಲೆ ನೀವು ಹೊರಗ ಮಾರಬಾರದು ಅಂದ್ರು. ಪಾಕೀಟಿನ ಮ್ಯಾಲೆ ಒಬ್ಬ ಧಾರಾವಾಹಿ ನಟಿ ಫೋಟೋ ಹಾಕಸ್ತಾರಂತ. ಆ ಫೋಟೋಕ್ಕ 3 ಲಕ್ಷ. ಇದನ್ನ ಅವರ ಬಾಯಿಲೆ ಅವರ ಹೇಳಿದ್ರು, ದೊಡ್ಡಸ್ತನಕ್ಕ.

ವೈನಿ ಹೂಂ ಅನ್ನೂದ್ರಾಗಿದ್ರು. ಮಗಂದು ಪಿಯುಸಿ ಮುಗದದ, ಕಾಲೇಜಿನ ಫೀ ತುಂಬಬೇಕು. ಕೈಯಾಗ 25 ಸಾವಿರ ಬರತದಂದ್ರ ಯಾರು ಬ್ಯಾಡ ಅಂತಾರ್ರಿ?

ಅದಕ್ಕ ನಾನು ಎಂಟು ದಿನ ಕೂತು ಈ ಹಾರೋ ಮಂದಿ ರೊಕ್ಕದ ಇತಿಹಾಸ ಓದಿದೆ. ಓದಿದ್ದನ್ನ ವೈನಿಗೆ ಹೇಳಿದೆ. ಈಗ ನಿಮಗೂ ಹೇಳತೀನಿ.

ಮೊದಲು 1938ಕ್ಕ ಹೋಗೂಣು. ಅಮೆರಿಕಾದ ಕ್ಲೀವ್‌ಲ್ಯಾಂಡ್ ಅನ್ನೋ ಊರಾಗ ಜೆರ್ರಿ ಸೀಗಲ್, ಜೋ ಶುಸ್ಟರ್ ಅಂತ ಇಬ್ಬರು ಗೆಳ್ಯಾರು. ಒಬ್ಬಾಂವ ಕತಿ ಬರಿಯಾಂವ, ಇನ್ನೊಬ್ಬಾಂವ ಚಿತ್ರ ತಗಿಯಾಂವ. ಸೂಪರ್‌ಮ್ಯಾನ್ ಅವರಿಬ್ಬರ ಕೂಸು. ಕತಿಯೊಳಗಿನ ಪತ್ರಕರ್ತೆ ಲೋಯಿಸ್ ಲೇನ್‌ಳ ಚಿತ್ರಕ್ಕ ಜೋಆ್ಯನ್ ಅನ್ನೋ ಹುಡುಗಿನ್ನ ಎದುರಿಗೆ ಕುಂದರಿಸಿ ಶುಸ್ಟರ್ ಚಿತ್ರ ತಗದಿದ್ದ. ಮುಂದ ಆಕಿನ್ನ ಸೀಗಲ್ ಲಗ್ನಾ ಆದ. ಅವರು ಆ ಮೊದಲ್ನೇ ಕತಿನ್ನ ಒಂದು ಕಾಮಿಕ್ಸ್ ಕಂಪನಿಗೆ ಕೊಟ್ಟಾಗ ಬಂದದ್ದು 130 ಡಾಲರ್. ಇಬ್ಬರಿಗೂ ಕೂಡಿ. ಅಂದ್ರ ತಲಿಗೆ 65. ಆ 130 ಡಾಲರಿನಾಗ ಬರೇ ಕತಿ ಹೋಗಲಿಲ್ಲ, ಸೂಪರ್‌ಮ್ಯಾನನ ಮ್ಯಾಲಿನ ಹಕ್ಕೂ ಪೂರ್ತಿ ಹೋತು. ಸಹಿ ಮಾಡಿಬಿಟ್ಟಿದ್ರು.

ಆಮ್ಯಾಲೆ ಕೆಲವು ವರ್ಷ ಅದೇ ಕಂಪನಿಗೆ ಬರದು, ಚಿತ್ರ ತಗದು ಹೊಟ್ಟಿ ಹೊರಕೊಂಡ್ರು. 1947ರಾಗ ನಮ್ಮ ಸೂಪರ್‌ಮ್ಯಾನ್ ನಮಗ ಕೊಡ್ರಿ ಅಂತ ಕೋರ್ಟಿಗೆ ಹೋದ್ರು. ಸೂಪರ್‌ಮ್ಯಾನ್ ಸಿಗಲಿಲ್ಲ, ಇದ್ದ ಕೆಲಸಾನೂ ಹೋತು, ಕತಿ ಮ್ಯಾಲೆ ಬರತಿದ್ದ ಹೆಸರೂ ಹೋತು. 1975 ಅನ್ನೋದ್ರಾಗ ಶುಸ್ಟರಗ ಕಣ್ಣು ಕಾಣೂದು ಕಡಿಮಿ ಆಗಿತ್ತು. ಸೀಗಲ್ ಒಂದು ಆಫೀಸಿನಾಗ ಟೈಪಿಸ್ಟ್ ಕೆಲಸಾ ಮಾಡತಿದ್ದ. ಆವಾಗ ಪೇಪರಿನಾಗ ಸುದ್ದಿ ಬಂತು, ಸೂಪರ್‌ಮ್ಯಾನ್ ಅಂತ ದೊಡ್ಡ ಸಿನಿಮಾ ಮಾಡ್ತಾರ, ಕೋಟಿಗಟ್ಟಲೆ ರೊಕ್ಕ ಹಾಕತಾರ ಅಂತ. ಹಡದವರ ಹೊಟ್ಟಿಯೊಳಗ ಹೆಂಗ ಉರದಿರಬೇಕು ನೋಡ್ರಿ. ಸೀಗಲ್ ಊರಿನ ಪೇಪರಿನವರಿಗೆಲ್ಲಾ ಉದ್ದನ ಪತ್ರಾ ಬರದು, ಈ ಸಿನಿಮಾಕ್ಕ ನನ್ನ ಶಾಪ ಅದ ಅಂದ. ಶಾಪಕ್ಕೋ ನಾಚಿಕಿಗೋ, ಅಂತೂ ಅದೇ ವರ್ಷದ ಕೊನಿಗೆ ಕಂಪನಿಯವರು ಇಬ್ಬರಿಗೂ ವರ್ಷಕ್ಕ 20 ಸಾವಿರ ಡಾಲರ್ ಕೊಡಲಿಕ್ಕೆ ಒಪ್ಪಿದ್ರು, ಹೆಸರೂ ಹಾಕತೀವಿ ಅಂದ್ರು. ಹುಟ್ಟಿಸಿ 37 ವರ್ಷ ಆದಮ್ಯಾಲೆ.

ಇದನ್ನ ಹೇಳೋವಾಗ ವೈನಿ ಗುರೆಳ್ಳು ಹುರೀತಿದ್ರು. ಕೈ ನಿಂತಿತು. "ಸೀದೀತು ರೀ" ಅಂತ ನಾನ ಒಲಿ ಸಣ್ಣ ಮಾಡಿದೆ.

ಈಗ ಆ ಸಿನಿಮಾಕ್ಕ ಬರೂಣು. ಸಾಲ್ಕಿಂಡ್ ಅಂತ ಅಪ್ಪ ಮಗ, ಅಲೆಕ್ಸಾಂಡರ್ ಮತ್ತ ಇಲ್ಯಾ, ನಿರ್ಮಾಪಕರು. ಆವಾಗ ಇಂಥಾ ಕಾಮಿಕ್ಸ್ ಕತಿ ಅಂದ್ರ ಹುಡುಗರ ಆಟಿಗಿ ಅಂತ ಮಂದಿ ನಗತಿದ್ರು. ಸಾಲಾ ಕೊಡೋರು, ಸಿನಿಮಾ ಹಂಚೋರು, ಯಾರೂ ಬರೇ ಸೂಪರ್‌ಮ್ಯಾನ್ ಅಂದ್ರ ರೊಕ್ಕ ಬಿಚ್ಚೂದಿಲ್ಲ. ಅದಕ್ಕ ಅವರು ಮೊದಲು ಹೆಸರು ಕೊಂಡ್ರು. ಗಾಡ್‌ಫಾದರ್ ಸಿನಿಮಾಕ್ಕ ಆಸ್ಕರ್ ಬಂದಿದ್ದ ಬ್ರಾಂಡೋನ್ನ ಸೂಪರ್‌ಮ್ಯಾನನ ಅಪ್ಪನ ಪಾತ್ರಕ್ಕ ತಗೊಂಡ್ರು. ಅವಂಗ 37 ಲಕ್ಷ ಡಾಲರ್, ಮ್ಯಾಲೆ ಗಳಿಕಿಯೊಳಗ ಪಾಲು. ಕೆಲಸಾ ಎರಡು ವಾರದೊಳಗ. ತೆರಿ ಮ್ಯಾಲೆ ಕಾಣೂದು 20 ನಿಮಿಷಕ್ಕಿಂತ ಕಡಿಮಿ. ಖಳನ ಪಾತ್ರದ ಹ್ಯಾಕ್‌ಮನ್‌ಗ 20 ಲಕ್ಷ ಡಾಲರ್.

ಬ್ರಾಂಡೋ ಮಾತು ಬಾಯಿಪಾಠ ಮಾಡತಿದ್ದಿಲ್ಲ. ಅಲ್ಲಲ್ಲೆ ಬರದು ಅಂಟಿಸಿ ಇಟ್ಟಿರತಿದ್ರು, ಅಂವ ಅದನ್ನ ನೋಡಿ ಹೇಳಾಂವ. ಕೂಸಿನ ಅರಬಿ ಮ್ಯಾಲೂ ಬರದಿದ್ರು ಅಂತ ಒಂದು ಕತಿ ಅದ. ನಿರ್ದೇಶಕ ರಿಚರ್ಡ್ ಡಾನರ್ ಮೊದಲ್ನೇ ಸಲ ಭೆಟ್ಟಿ ಆಗಲಿಕ್ಕೆ ಹೋದಾಗ, ಆ ಗ್ರಹದ ಮಂದಿ ಹೆಂಗ ಇರತಾರ ಅಂತ ಯಾರಿಗೆ ಗೊತ್ತು, ನಾನು ಒಂದು ಹಸರು ಸೂಟ್‌ಕೇಸ್ ಆಗಿ ಕಾಣಬಹುದಲ್ಲ, ನಾ ಬರೇ ದನಿ ಕೊಡತೀನಿ ಅಂದಿದ್ದನಂತ! ಡಾನರ್ ಹೆಂಗೋ ತಿಳಿಸಿ ಹೇಳಿ ಅಂಗಿ ತೊಡಿಸಿದ.

ಆದ್ರ ಇಲ್ಲೆ ಒಂದು ಮಾತು ಖರೇ ಹೇಳಬೇಕು. ಬ್ರಾಂಡೋಗ ಕೊಟ್ಟ ರೊಕ್ಕ ಪೂರ್ತಿ ನೀರಿಗೆ ಹಾಕಿದ್ದಲ್ಲ. ಅವನ ಹೆಸರು ಬಂತು ಅಂತ ಉಳದ ರೊಕ್ಕ ಬಂತು. ಪಾಕೀಟಿನ ಮ್ಯಾಲೆ ನಟಿ ಫೋಟೋ ಹಾಕೋ ನಮ್ಮ ವ್ಯಾಪಾರಸ್ಥರಿಗೂ ಅವರ ಲೆಕ್ಕಾ ಅದ. ಅಂಗಡಿಯೊಳಗ ಹತ್ತು ಪಾಕೀಟು ಇದ್ದಲ್ಲೆ ಗುರ್ತಿನ ಮಾರಿ ಇದ್ದದ್ದನ್ನ ನಾವೂ ಎತ್ತಿ ನೋಡೂದಿಲ್ಲೇನು? ಎತ್ತಿ ನೋಡತೀವಿ. ಎರಡನೇ ಸಲ ತಗೊಳ್ಳೂದು ಮಾತ್ರ ರುಚಿ ಮ್ಯಾಲೆ.

ಆ ರುಚಿನ ಅವರಿಗೆ ಸಿಗವಲ್ದಾಗಿತ್ತು. ಸೂಪರ್‌ಮ್ಯಾನ್ ಯಾರು ಆಗಬೇಕು? ರಾಬರ್ಟ್ ರೆಡ್‌ಫೋರ್ಡ್‌ನಂಥಾ ದೊಡ್ಡ ನಟರನ್ನ ಕೇಳಿದ್ರು, ಆಗಲಿಲ್ಲ. ನೂರಾರು ಹುಡುಗರನ್ನ ನೋಡಿದ್ರು. ಕಡೀಕ ನಿರ್ಮಾಪಕನ ಹೆಂಡತಿಯ ಹಲ್ಲಿನ ಡಾಕ್ಟರ್ ಸೈತ ಆ ನೀಲಿ ಅಂಗಿ ತೊಟ್ಟು ಕ್ಯಾಮರಾದ ಮುಂದ ನಿಂತು ಬಂದಾನ. ನಗಬ್ಯಾಡ್ರಿ, ಖರೇನ.

ನಟರನ್ನ ಆರಿಸಿ ಕೊಡೋ ಕೆಲಸ ಲಿನ್ ಸ್ಟಾಲ್‌ಮಾಸ್ಟರ್ ಅನ್ನಾಂವಂದಿತ್ತು. ಅಂವ ಕ್ರಿಸ್ಟೋಫರ್ ರೀವ್ ಅನ್ನೋ ನಾಟಕದ ಹುಡುಗನ ಫೋಟೋ ಗುಡ್ಡಿ ಮ್ಯಾಲೆ ಇಡತಿದ್ದ. ನಿರ್ಮಾಪಕರು ತಗದು ಒಗೀತಿದ್ರು. ಮತ್ತ ಇಡತಿದ್ದ. ಮತ್ತ ಒಗೀತಿದ್ರು. ಅಂವಾ ಬಿಡಲಿಲ್ಲ. ಹುಡುಗಗ ಆವಾಗ 24 ವರ್ಷ. ಎತ್ತರ ಇದ್ದ, ಆದ್ರ ಬಡಕ. ಕ್ಯಾಥರಿನ್ ಹೆಪ್‌ಬರ್ನ್ ಜೋಡಿ ಒಂದು ನಾಟಕ ಮಾಡಿದ್ದ, ಅಷ್ಟ. ಅಂಗಿ ಒಳಗ ಸುಳ್ಳು ತೋಳು ಸುಳ್ಳು ಎದಿ ಹಾಕತೀವಿ ಅಂದ್ರ ಬ್ಯಾಡ ಅಂದು, ಡೇವಿಡ್ ಪ್ರೌಸ್ ಅನ್ನೋ ಪೈಲ್ವಾನನ ಕಡೆ ತಾಲೀಮು ಮಾಡಿ 10 ಕಿಲೋಕ್ಕಿಂತ ಹೆಚ್ಚು ಮೈ ಮಾಡಕೊಂಡ. ಸ್ಟಾರ್ ವಾರ್ಸ್‌ನ ಕರೇ ಅಂಗಿ ಡಾರ್ತ್ ವೇಡರ್ ಅಂತ ಹುಡುಗರು ಹೇಳತಾರಲ್ಲ, ಆ ಅಂಗಿ ಒಳಗಿದ್ದಾಂವ ಇದೇ ಪ್ರೌಸ್.

ಈ ರೀವ್‌ಗ ಕೊಟ್ಟದ್ದು 2.5 ಲಕ್ಷ ಡಾಲರ್. ಅದೂ ಎರಡು ಸಿನಿಮಾಕ್ಕ ಕೂಡಿ, ವರ್ಷದ ಮ್ಯಾಲೆ ದುಡಿಸ್ಕೊಂಡು.

ಸಿನಿಮಾಕ್ಕ ಆದ ಖರ್ಚು ಸುಮಾರು 5.5 ಕೋಟಿ ಡಾಲರ್. ಅಲ್ಲೀತನಕ ಯಾರೂ ಒಂದು ಸಿನಿಮಾಕ್ಕ ಅಷ್ಟು ಸುರದಿರಲಿಲ್ಲ. ಆಗ ಡಾಲರಿಗೆ 8 ರೂಪಾಯಿ ಅಂತ ಹಿಡದ್ರೂ 44 ಕೋಟಿ ರೂಪಾಯಿ ಆತು. ನಮ್ಮ ಸಂತಿ ಲೆಕ್ಕದಾಗ ಹೇಳಬೇಕಂದ್ರ, 100 ರೂಪಾಯಿ ಖರ್ಚಿನಾಗ ಬ್ರಾಂಡೋಗ 6 ರೂಪಾಯಿ 70 ಪೈಸೆ, ಸೂಪರ್‌ಮ್ಯಾನಗ 45 ಪೈಸೆ. ಇದು ವೈನಿ ಪ್ರಶ್ನೆಕ್ಕ ಉತ್ತರ. ಮದವ್ಯಾಗ ಕಾರ್ಯಾಲಯಕ್ಕ, ಹೂವಿಗೆ, ದೀಪಕ್ಕ ಲಕ್ಷಗಟ್ಟಲೆ ಕೊಟ್ಟು, ಬಡಸಲಿಕ್ಕೆ ಬಂದ ಹೆಣ್ಣಮಕ್ಕಳ ಪಗಾರಕ್ಕ ಚೌಕಾಸಿ ಮಾಡತೀವಲ್ಲ, ಹಂಗ.

ಆದ್ರ ಸಿನಿಮಾ ನಿಂತಿದ್ದು ಆ 45 ಪೈಸೆ ಮ್ಯಾಲೆ. ಮನಷಾ ಹಾರತಾನ ಅಂತ ನಂಬಸಲಿಕ್ಕೆ ತಂತಿ ಕಟ್ಟಿದ್ರು, ಹಿಂದ ಮುಂದ ತೆರಿ ಬಿಟ್ರು, ಹೊಸಾ ಯಂತ್ರ ಮಾಡಿಸಿದ್ರು. ಆ ಕೆಲಸಕ್ಕ ಆಸ್ಕರ್ ಸೈತ ಬಂತು. ಇವತ್ತು ಹುಡುಗರು ಅದನ್ನ ನೋಡಿ "ಎಷ್ಟು ಹಳೇದು ಅತ್ತ್ಯಾ" ಅಂತ ನಗತಾವ. ನಗಲಾರದ ಜಾಗಾ ಒಂದದ. ಲೋಯಿಸ್‌ಳ ಮನ್ಯಾಗ ಕ್ಲಾರ್ಕ್ ಕೆಂಟ್ ಚಾಳೀಸು ತಗದು, ಬೆನ್ನು ನೆಟ್ಟಗ ಮಾಡಿ, ಖರೇ ಹೇಳೇ ಬಿಡೂಣು ಅಂತ ನಿಲ್ಲತಾನ. ಒಂದೇ ಗಳಿಗಿಯೊಳಗ ಎದಿ ಅಗಲ ಆಗತದ, ದನಿ ಬದಲಾಗತದ. ಮತ್ತ ಧೈರ್ಯಾ ಸಾಲದ ಬೆನ್ನು ಬಗ್ಗಿಸಿ ಚಾಳೀಸು ಹಾಕ್ಕೋತಾನ, ಮತ್ತ ಅದೇ ಪಾಪದ ಹುಡುಗ. ಅಲ್ಲೆ ತಂತಿ ಇಲ್ಲ, ಯಂತ್ರ ಇಲ್ಲ. ಒಬ್ಬ ಮನಷಾನ ಬೆನ್ನೆಲುಬು ಅಷ್ಟ. ಅವತ್ತು ಪಡಸಾಲಿಯೊಳಗ ಹುಡುಗರು ಸುಮ್ಮನಾದದ್ದು ಅಲ್ಲೊಂದಕ್ಕ.

ಸಿನಿಮಾ ಜಗತ್ತಿನಾಗೆಲ್ಲಾ ಸುಮಾರು 30 ಕೋಟಿ ಡಾಲರ್ ತಂತು. ಬ್ರಾಂಡೋ ನನ್ನ ಪಾಲು ಸರಿಯಾಗಿ ಕೊಡಲಿಲ್ಲ ಅಂತ ನಿರ್ಮಾಪಕರ ಮ್ಯಾಲೆ ಕೋರ್ಟಿಗೆ ಹೋದ. ನಿರ್ಮಾಪಕರು ಎರಡನೇ ಭಾಗದಾಗ ಅಂವನ ಸೀನ್ ಇಟ್ರ ಮತ್ತ ಪಾಲು ಕೊಡಬೇಕಾಗತದ ಅಂತ ಅವನ್ನೆಲ್ಲಾ ತಗದ್ರು. ಅಪ್ಪ ಹೇಳಬೇಕಾದ ಬುದ್ಧಿಮಾತು ಅವ್ವನ ಪಾತ್ರದ ಸುಸಾನಾ ಯಾರ್ಕ್ ಬಂದು ಹೇಳಿದ್ಲು. ಇದು ವೈನಿಗೆ ಭಾಳ ಸೇರಿತು. "ಕಡೀಕ ಅವ್ವನ ಬಂದು ನಿಭಾಯಿಸಬೇಕಾತು ನೋಡು" ಅಂದ್ರು.

ಹನ್ನೊಂದು ವರ್ಷ ಆದಮ್ಯಾಲೆ, 1989ರಾಗ, ಬ್ಯಾಟ್‌ಮನ್ ಸಿನಿಮಾ ಬಂತು. ಮತ್ತ ಅದೇ ಕತಿ. ಖಳ ಜೋಕರ್ ಪಾತ್ರದ ಜ್ಯಾಕ್ ನಿಕಲ್ಸನ್ ಹೆಸರು ಮೊದಲು, ಬ್ಯಾಟ್‌ಮನ್ ಆದ ಮೈಕಲ್ ಕೀಟನ್ ಹೆಸರು ಆಮ್ಯಾಲೆ. ನಿಕಲ್ಸನ್ ಶಾಣ್ಯಾ. 60 ಲಕ್ಷ ಡಾಲರ್ ತಗೊಂಡು, ಟಿಕೀಟಿನ ಗಳಿಕಿಯೊಳಗ, ಆಟಿಗಿ ಅಂಗಿ ಮಾರಿದ್ರ ಅದರಾಗೂ ಪಾಲು ಬರಸ್ಕೊಂಡಿದ್ದ. ಕಡೀಕ ಅವನ ಕೈಗೆ 5 ಕೋಟಿ ಡಾಲರಿನ ಮ್ಯಾಲೆ ಬಂತು ಅಂತ ಲೆಕ್ಕಾ ಹಾಕಿದವರದಾರ.

ಕೀಟನ್‌ನ್ನ ಆರಿಸಿದಾಗ ಮಾತ್ರ ಮಂದಿ ಸಿಟ್ಟಿಗೆದ್ದು ಸ್ಟುಡಿಯೋಕ್ಕ 50 ಸಾವಿರ ಪತ್ರ ಬರದ್ರು ಅಂತಾರ. ಯಾಕಂದ್ರ ಅಂವ ನಗಸಾಂವ. ಅದಕ್ಕೂ ಮೊದಲು ಅಂವ ಮಾಡಿದ್ದ ಸಿನಿಮಾದಾಗ ಒಂದು, ನೌಕರಿ ಹೋದ ಗಂಡಸು ಮನ್ಯಾಗ ಕೂತು ಹುಡುಗರನ್ನ ನೋಡಕೋತ, ಅರಬಿ ಒಗಿಯೋ ಮಷೀನಿನ ಜೋಡಿ ಜಗಳಾಡೂದು! ಇಂಥಾಂವ ಬ್ಯಾಟ್‌ಮನ್ ಏನು ಅಂತ ಮಂದಿ. ಆದ್ರ ನಿರ್ದೇಶಕ ಟಿಮ್ ಬರ್ಟನ್‌ಂದು ಒಂದು ವಿಚಾರ ಇತ್ತು. ಮೈತುಂಬ ಶಕ್ತಿ ಇದ್ದ ಪೈಲ್ವಾನ್ ಬಾವಲಿ ವೇಷ ಯಾಕ ಹಾಕ್ಕೋತಾನ? ಹಾಕ್ಕೊಳ್ಳೋ ಗರಜು ಇದ್ದಾಂವ ಸಾದಾ ಮನಷಾನ. ಸಿನಿಮಾ 40 ಕೋಟಿ ಡಾಲರ್ ದಾಟಿತು. ಪತ್ರಾ ಬರದವರ ಟಿಕೀಟು ತಗೊಂಡು ನೋಡಿರಬೇಕು.

ರೊಕ್ಕ ಇದ್ರ ಎಲ್ಲಾ ಆಗತದ ಅನ್ನೋರಿಗೆ 1997ರ ಬ್ಯಾಟ್‌ಮನ್ ಆ್ಯಂಡ್ ರಾಬಿನ್ ತೋರಿಸ್ರಿ. ಆರ್ನಾಲ್ಡ್ ಶ್ವಾರ್ಜ್‌ನೆಗರ್‌ಗ ಖಳನ ಪಾತ್ರಕ್ಕ 2.5 ಕೋಟಿ ಡಾಲರ್ ಕೊಟ್ರು ಅಂತ ಸುದ್ದಿ. ಅಂದ್ರ ಬಿಟ್ಟಿ ಹಂಗ ಸುರದ್ರು. ಬ್ಯಾಟ್‌ಮನ್ ಆದ ಜಾರ್ಜ್ ಕ್ಲೂನಿ ಇವತ್ತಿಗೂ ಆ ಸಿನಿಮಾದ ಸಂಬಂಧ ಮಂದಿ ಮುಂದ ಕೈ ಮುಗೀತಾನ. ಆಮ್ಯಾಲೆ ಎಂಟು ವರ್ಷ, 2005ರ ತನಕ, ಬ್ಯಾಟ್‌ಮನ್ ಹೆಸರಿಲೆ ಮತ್ತೊಂದು ಸಿನಿಮಾ ಥಿಯೇಟರಿಗೆ ಬರಲಿಲ್ಲ. ತುಪ್ಪಾ ಸುರುವಿದ್ರ ಹೋಳಗಿ ಆಗೂದಿಲ್ಲ, ಹೂರಣ ಸರಿ ಇರಬೇಕು.

ಇನ್ನ ನಮ್ಮ ಹುಡುಗರ ದೇವರು, ಐರನ್ ಮ್ಯಾನ್. ಮಾರ್ವೆಲ್ ಕಾಮಿಕ್ಸ್ ಕಂಪನಿ 1996ರಾಗ ದಿವಾಳಿ ಎದ್ದಿತ್ತು. ಸ್ಪೈಡರ್‌ಮ್ಯಾನ್, ಎಕ್ಸ್-ಮೆನ್‌ದಂಥಾ ತನ್ನ ಛಲೋ ಛಲೋ ಪಾತ್ರಗಳ ಸಿನಿಮಾ ಹಕ್ಕು ಬ್ಯಾರೆಯವರಿಗೆ ಕೊಟ್ಟುಬಿಟ್ಟಿತ್ತು. 2005ರಾಗ ತಾವ ಸಿನಿಮಾ ಮಾಡಬೇಕಂತ, ಕ್ಯಾಪ್ಟನ್ ಅಮೆರಿಕಾ, ಬ್ಲ್ಯಾಕ್ ಪ್ಯಾಂಥರ್‌ದಂಥಾ 10 ಪಾತ್ರಗಳ ಹಕ್ಕು ಅಡಾ ಇಟ್ಟು 52.5 ಕೋಟಿ ಡಾಲರ್ ಸಾಲಾ ತಗದ್ರು. ಮನ್ಯಾಗಿನ ಬಂಗಾರ ಎಲ್ಲಾ ಒಯ್ದು ಬ್ಯಾಂಕಿನಾಗ ಇಟ್ಟಂಗ. ಸಿನಿಮಾ ಬಿದ್ರ ಬಂಗಾರ ಹೋತು.

ಇಂಥಾದ್ರಾಗ ಮೊದಲ್ನೇ ಸಿನಿಮಾಕ್ಕ ನಿರ್ದೇಶಕ ಜಾನ್ ಫಾವ್ರೋ ಯಾರನ್ನ ಕೇಳಬೇಕು? ರಾಬರ್ಟ್ ಡೌನಿ ಜೂನಿಯರ್. ನಶಾದ ಚಟಕ್ಕ ಬಿದ್ದು, ಜೇಲಿಗೆ ಹೋಗಿ ಬಂದು, ಟೀವಿ ಧಾರಾವಾಹಿಯಿಂದ ತಗಿಸ್ಕೊಂಡಾಂವ. ಅಂವ ಇದ್ದ ಸಿನಿಮಾಕ್ಕ ವಿಮಾ ಕಂಪನಿಯವರು ವಿಮಾ ಕೊಡಲಿಕ್ಕೆ ಹೆದರತಿದ್ದ ಕಾಲಾ ಇತ್ತು. ಕಂಪನಿಯವರು ಬ್ಯಾಡ ಅಂದ್ರು. ಫಾವ್ರೋ ಬಿಡಲಿಲ್ಲ, ಕ್ಯಾಮರಾದ ಮುಂದ ನಿಲ್ಲಿಸಿ ತೋರಿಸಿದ. ಬಿದ್ದು ಎದ್ದು ನಿಂತಾಂವನ ಪಾತ್ರ ಬಿದ್ದು ಎದ್ದಾಂವಂಗ ಗೊತ್ತಿತ್ತು. 14 ಕೋಟಿ ಡಾಲರಿನ ಸಿನಿಮಾದಾಗ ಡೌನಿಗೆ ಬಂದದ್ದು 5 ಲಕ್ಷ ಅಂತಾರ. 100 ರೂಪಾಯಿಗೆ ಸುಮಾರು 36 ಪೈಸೆ. ಅಂವಗಿಂತ ಮೊದಲು ಸಹಿ ಮಾಡಿದ್ದ ಟೆರೆನ್ಸ್ ಹೊವಾರ್ಡ್‌ಗ ಇದಕ್ಕಿಂತ ಭಾಳ ಹೆಚ್ಚಿತ್ತು. ಎರಡನೇ ಭಾಗ ಬರೋದ್ರಾಗ ಆ ಜಾಗಾದಾಗ ಡಾನ್ ಚೀಡಲ್ ಬಂದಿದ್ದ.

2008ರಾಗ ಐರನ್ ಮ್ಯಾನ್ 58 ಕೋಟಿ ಡಾಲರ್ ತಂತು. ಅಡಾ ಇಟ್ಟ ಬಂಗಾರ ಉಳೀತು. ಮರುವರ್ಷ ಡಿಸ್ನಿ ಕಂಪನಿ ಮಾರ್ವೆಲ್ಲನ್ನ ಸುಮಾರು 400 ಕೋಟಿ ಡಾಲರಿಗೆ ಕೊಳ್ಳತೀವಿ ಅಂದ್ರು. ಆದ್ರ ಈ ಸಲ ಡೌನಿ ಸೀಗಲ್, ಶುಸ್ಟರ್‌ಗತೆ ಬರೇ ಕೈಯಲ್ಲೆ ಉಳೀಲಿಲ್ಲ. ಮೊದಲ್ನೇದಕ್ಕ ಕಡಿಮಿ ತಗೊಂಡ್ರೂ, ಮುಂದಿನವಕ್ಕ ಪಾಲು ಇಟ್ಟುಕೊಂಡ. 2012ರ ಅವೆಂಜರ್ಸ್‌ನಿಂದ ಅವನೊಬ್ಬಂಗ 5 ಕೋಟಿ ಡಾಲರ್ ಬಂತು ಅಂತ ಸುದ್ದಿ ಆತು. ಅಂವ ಕೊನೀ ಸಲ ಆ ಅಂಗಿ ತೊಟ್ಟ ಎಂಡ್‌ಗೇಮ್‌ಗ 2019ರಾಗ 35 ಕೋಟಿ ಡಾಲರಿನ ಮ್ಯಾಲೆ ಖರ್ಚಾಗಿತ್ತು. ಬಂದದ್ದು ಸುಮಾರು 280 ಕೋಟಿ. ನಮ್ಮ ಹುಡುಗರು ಅವತ್ತು ಅತ್ತದ್ದು ನಿಮಗೂ ನೆನಪಿರಬೇಕು, ಯಾರೋ ಮನ್ಯಾಗಿನವರ ಹೋದಂಗ.

ಹೆಣ್ಣಮಕ್ಕಳ ಕತಿ ಬಿಟ್ರ ನನಗ ಸಮಾಧಾನ ಆಗೂದಿಲ್ಲ. 2017ರಾಗ ವಂಡರ್ ವುಮನ್ ಬಂತು. ನಿರ್ದೇಶಕಿ ಪ್ಯಾಟಿ ಜೆಂಕಿನ್ಸ್, ನಾಯಕಿ ಇಸ್ರೇಲಿನ ಗ್ಯಾಲ್ ಗ್ಯಾಡೊಟ್. ಆಕಿನ್ನ ಆರಿಸಿದಾಗೂ ಮಂದಿ ಸುಮ್ಮನ ಕೂಡಲಿಲ್ಲ, ಭಾಳ ತೆಳ್ಳಗದಾಳ ಅಂದ್ರು. ಆಕಿ ಎರಡು ವರ್ಷ ಸೈನ್ಯದಾಗ ಇದ್ದು ಬಂದಾಕಿ. ಸುಮಾರು 15 ಕೋಟಿ ಡಾಲರಿನ ಸಿನಿಮಾದಾಗ ಆಕಿಗೆ ಕೊಟ್ಟದ್ದು 3 ಲಕ್ಷ ಅಂತ ಸುದ್ದಿ, 100 ರೂಪಾಯಿಗೆ 20 ಪೈಸೆ. ಕೆಲವು ಸೀನ್ ಮತ್ತೊಮ್ಮೆ ತಗಿಯೋ ಹೊತ್ತಿಗೆ ಆಕಿಗೆ ಐದು ತಿಂಗಳು. ಅಂಗಿ ಹೊಟ್ಟಿ ಮ್ಯಾಲೆ ಕತ್ತರಿಸಿ ಹಸರು ಬಟ್ಟಿ ಹಚ್ಚಿ, ಆಮ್ಯಾಲೆ ಕಂಪ್ಯೂಟರಿನಾಗ ಆ ಹೊಟ್ಟಿ ಅಳಿಸಿದ್ರು. ಬಸುರಿದ್ದಾಗ ನೀರಿನ ಕೊಡಾ ಎತ್ತಿದವರು, ರೊಟ್ಟಿ ಬಡದವರು ನಾವೆಲ್ಲಾ. ಯಾರಿಗೂ ಕಾಣಲಾರದಂಗ ಕೆಲಸಾ ಮಾಡೂದು ಅಂದ್ರ ಏನು ಅಂತ ನಮಗ ಬ್ಯಾರೆಯವರು ಹೇಳೂದು ಬ್ಯಾಡ. ಸಿನಿಮಾ 82 ಕೋಟಿ ಡಾಲರ್ ತಂತು.

ಇಷ್ಟು ದೊಡ್ಡ ರೊಕ್ಕ ಇಲ್ಲದೂ ಆಗತದ. 2025ರ ಲೋಕಾ ಅನ್ನೋ ಮಲಯಾಳಿ ಸಿನಿಮಾ ನಮ್ಮ ಬೆಂಗಳೂರಾಗ ನಡಿಯೋ ಕತಿ. ಕಲ್ಯಾಣಿ ಪ್ರಿಯದರ್ಶನ್ ಅನ್ನೋ ಹುಡುಗಿನ ಅದರಾಗ ಸೂಪರ್‌ಹೀರೋ. ಖರ್ಚು ಸುಮಾರು 30 ಕೋಟಿ ರೂಪಾಯಿ, ಬಂದದ್ದು ಸುಮಾರು 300 ಕೋಟಿ ಅಂತ ಸುದ್ದಿ. ಅಮೆರಿಕಾದವರಿಗೆ ಅದು ಚಹಾ ಕುಡಿಯೋ ಖರ್ಚು.

ಇದನ್ನೆಲ್ಲಾ ಓದಿದಮ್ಯಾಲೆ ನನಗ ಉಳದದ್ದು ಆ ಫೋಟೋ ಗುಡ್ಡಿ. ಯಾರು ಯಾವ ಪಾತ್ರಕ್ಕ ಅಂತ ಕೂತು ಆರಿಸೋರು ಇರತಾರಲ್ಲ, ಆ ಕೆಲಸದಾಗ ಮೊದಲಿಂದ ಹೆಣ್ಣಮಕ್ಕಳು ಭಾಳ. 1989ರ ಬ್ಯಾಟ್‌ಮನ್‌ಗ ಆ ಕೆಲಸಾ ಮಾಡಿದಾಕಿ ಮೇರಿಯನ್ ಡೋಹರ್ಟಿ. ಐರನ್ ಮ್ಯಾನಿಂದ ಹಿಡದು ಮಾರ್ವೆಲ್ಲಿನ ಹೆಚ್ಚು ಕಡಿಮಿ ಎಲ್ಲಾ ಸಿನಿಮಾಕ್ಕ ಮಾಡಿದಾಕಿ ಸಾರಾ ಫಿನ್. ಆಸ್ಕರ್ ಕೊಡಲಿಕ್ಕೆ ಶುರು ಮಾಡಿದ್ದು 1929ರಾಗ. ಅಂಗಿ ಹೊಲದವರಿಗೆ, ಬಣ್ಣಾ ಹಚ್ಚಿದವರಿಗೆ, ಸಪ್ಪಳಾ ಮಾಡಿದವರಿಗೆ ಎಲ್ಲಾರಿಗೂ ಕೊಟ್ರು. ನಟರನ್ನ ಆರಿಸೋರಿಗೆ ಒಂದು ಪ್ರಶಸ್ತಿ ಇಡತೀವಿ ಅಂತ ಹೇಳಿದ್ದು 2024ರಾಗ. ರೀವ್‌ನ ಫೋಟೋ ಬಿಡದ ಇಟ್ಟ ಸ್ಟಾಲ್‌ಮಾಸ್ಟರ್‌ಗ 2016ರಾಗ ಒಂದು ಗೌರವದ ಆಸ್ಕರ್ ಕೊಟ್ರು, ಆ ಕೆಲಸದವರೊಳಗ ಅವನ ಮೊದಲ್ನೇದಾಂವ. ಆವಾಗ ರೀವ್ ಇರಲಿಲ್ಲ. ಕುದುರಿ ಮ್ಯಾಲಿಂದ ಬಿದ್ದು ಮೈ ಸ್ವಾಧೀನ ತಪ್ಪಿ, ಒಂಬತ್ತು ವರ್ಷ ಕುರ್ಚಿ ಮ್ಯಾಲೆ ಕಳದು 2004ರಾಗ ತೀರಿಕೊಂಡಿದ್ದ.

ಹಿಂಗ ನೋಡ್ರಿ, 1938ರಿಂದ ಇಲ್ಲೀತನಕ ಒಂದೇ ಲೆಕ್ಕಾ ನಡದದ. ಹೆಸರಿಗೆ ರೊಕ್ಕ ಮೊದಲು ಹೋಗತದ. ರುಚಿ ಕೊಡೋರಿಗೆ ಕಡೀಕ, ಅದೂ ಉಳದ್ರ. ಅದರಾಗ ಬಚಾವಾದವರು ಯಾರು? ನಿಕಲ್ಸನ್, ಡೌನಿ. ಇಬ್ಬರೂ ಪಾಲು ಬರಸ್ಕೊಂಡವರು. ಕೆಟ್ಟವರು ಯಾರು? 130 ಡಾಲರಿಗೆ ಒಮ್ಮಿಗೇ ಸಹಿ ಮಾಡಿದವರು. ಕಡಿಮಿ ತಗೊಂಡದ್ದು ಅವರ ತಪ್ಪಲ್ಲ, ಡೌನಿನೂ ಕಡಿಮೀನ ತಗೊಂಡಿದ್ದ. ಪೂರ್ತಿ ಕೊಟ್ಟುಬಿಟ್ಟದ್ದು ತಪ್ಪಾತು.

ಅವತ್ತು ರಾತ್ರಿ ಊಟಾ ಆದಮ್ಯಾಲೆ ವೈನಿ ಸಣ್ಣ ದನಿಲೆ ಕೇಳಿದ್ರು, "ಆ ಹುಡುಗರಿಗೆ 130 ಡಾಲರ್ ಕೊಟ್ಟಾಗ ಅವರ ಮನ್ಯಾಗೂ ಏನರ ಗರಜು ಇತ್ತೇನು?"

"ಬಡವರ ಇದ್ರು ವೈನಿ" ಅಂದೆ.

ಮರುದಿನ ಅವರು ಆ ವ್ಯಾಪಾರಸ್ಥರಿಗೆ ಫೋನ್ ಹಚ್ಚಿದ್ರು. ನಾ ಬಾಜೂಕ ನಿಂತಿದ್ದೆ. ದನಿ ಸ್ವಲ್ಪ ನಡಗತಿತ್ತು. 25 ಸಾವಿರ ಬ್ಯಾಡ, 10 ಸಾವಿರ ಕೊಡ್ರಿ, ಕಲಿಸಿ ಕೊಡತೀನಿ. ಆದ್ರ ಕಿಲೋಕ್ಕ ಇಷ್ಟು ಅಂತ ನನಗ ಬರಬೇಕು, ಪಾಕೀಟಿನ ಹಿಂದ ಸಣ್ಣ ಅಕ್ಷರದಾಗಾದ್ರೂ ನನ್ನ ಹೆಸರು ಇರಬೇಕು, ನನ್ನ ಹಳೇ ಗಿರಾಕಿಗೆ ನಾ ಕೊಡಾಕಿನ. ಇದನ್ನ ಕಾಗದದ ಮ್ಯಾಲೆ ಬರಕೊಡ್ರಿ ಅಂದ್ರು. ಆ ಕಡೆಯಿಂದ ವಿಚಾರ ಮಾಡಿ ಹೇಳತೀವಿ ಅಂತ ಬಂತು.

ಇವತ್ತಿಗೆ 16 ದಿನಾತು, ಫೋನ್ ಬಂದಿಲ್ಲ. ಮೊದಲ್ನೇ ಕಂತಿನ ಫೀ ತುಂಬಲಿಕ್ಕೆ ವೈನಿ ತಮ್ಮ ಎರಡು ಬಳಿ ಬ್ಯಾಂಕಿನಾಗ ಅಡಾ ಇಟ್ಟಾರ. ನಾ ಇಲ್ಲದ್ದೊಂದು ಇತಿಹಾಸ ಹೇಳಿ ಕೈಗೆ ಬಂದ ರೊಕ್ಕ ತಪ್ಪಿಸಿದೆನೇನು ಅಂತ ನನಗ ಎರಡು ರಾತ್ರಿ ನಿದ್ದಿ ಬರಲಿಲ್ಲ. ಹೇಳಿದ್ರ, ವೈನಿ ನಕ್ಕು, "ಬಳಿ ಬಿಡಸ್ಕೊಂಡು ಬರಬಹುದು, ಬರಕೊಟ್ಟ ಅಳತಿ ಬಿಡಸ್ಕೊಂಡು ಬರಲಿಕ್ಕೆ ಆಗೂದಿಲ್ಲ" ಅಂದ್ರು.

ಅದಕ್ಕ ನಿಮಗ ಒಂದು ಮಾತು. ಗುರೆಳ್ಳು, ಶೇಂಗಾ, ಅಗಸಿ, ಮೂರೂ ಈ ವಾರ ಹೊಸಾದು ಮಾಡ್ಯಾರ. ಯಾರಿಗೆ ಎಷ್ಟು ಬೇಕು ನನಗ ಹೇಳ್ರಿ, ಪಾವ ಕಿಲೋದಿಂದ ಕೊಡತಾರ. ಡಬ್ಬಿ ನಿಮ್ಮದ ತರ್ರಿ. ಮ್ಯಾಲೆ ಯಾರ ಫೋಟೋನೂ ಇರೂದಿಲ್ಲ. ವೈನಿ ಹೆಸರು ಮಾತ್ರ ನಾನ ಪೆನ್ನಿಲೆ ಬರದು ಅಂಟಿಸೇನಿ.